ಅಮ್ಮನ ಫೋನಿಗೆ ಬಿದ್ದ ಬೀಗ

ಫೋರ್ಟಿನ ಆಫೀಸಿನಿಂದ ಮನೆಗೆ ಹೊರಟವನು ಸಯನ್‌ನಲ್ಲಿ ಇಳಿಯಬೇಕಿತ್ತು. ಲೋಕಲ್ ರೈಲಿನಲ್ಲಿ ಕೂತು ನೋಡುತ್ತಿದ್ದ ವಿಡಿಯೊದಲ್ಲಿ ಯಾರೋ ಒಬ್ಬ ಬರಿಗೈಯಲ್ಲಿ ಈಜುಕೊಳ ತೋಡುತ್ತಿದ್ದ. ನೀರು ತುಂಬುವುದನ್ನು ನೋಡಿಯೇ ಏಳೋಣ ಎಂದುಕೊಂಡೆ. ತುಂಬುವಷ್ಟರಲ್ಲಿ ನನ್ನ ಸ್ಟೇಷನ್ ದಾಟಿ ಘಾಟ್ಕೋಪರ್ ಬಂದಿತ್ತು. ಅದೇ ವಾರ ನನ್ನ ಹೆಂಡತಿ ಸೀರೆಯ ವಿಡಿಯೊ ನೋಡುತ್ತ ಒಲೆಯ ಮೇಲಿನ ಹಾಲು ಮರೆತಳು.

ಕಾಲೇಜಿಗೆ ಹೋಗುವ ಮಗಳಿಗೆ ಅಷ್ಟು ಸಾಕಾಯಿತು. ಹತ್ತನೇ ಕ್ಲಾಸಿನಲ್ಲಿ ಅವಳ ಫೋನನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ್ದವನು ನಾನು. ಈಗ ಅವಳು ನಮ್ಮಿಬ್ಬರ ಫೋನುಗಳನ್ನೂ ತೆಗೆದುಕೊಂಡು, ವಿಡಿಯೊ ಆ್ಯಪ್‌ಗಳಿಗೆಲ್ಲ ದಿನಕ್ಕೆ ಅರ್ಧ ಗಂಟೆಯ ಮಿತಿ ಹಾಕಿ, ಪಾಸ್‌ವರ್ಡನ್ನು ತನ್ನಲ್ಲೇ ಇಟ್ಟುಕೊಂಡಳು.

“ಪಪ್ಪಾ, ಲಿಮಿಟ್ ಖತಮ್ ಅಂದ್ರೆ ಖತಮ್. ಮತ್ತೆ ನನ್ನ ಹತ್ರ ಕೇಳೋದಿಲ್ಲ, ಓಕೆ?”

“ನಿನ್ನ ಫೋನಿಗೆ ಯಾರು ಲಾಕ್ ಹಾಕುದು?”

“ನಂಗೆ ಸೆಲ್ಫ್ ಕಂಟ್ರೋಲ್ ಇದೆ,” ಎಂದಳು, ತನ್ನ ಫೋನಿನಿಂದ ಕಣ್ಣೆತ್ತದೆ.

ನನ್ನ ಅರ್ಧ ಗಂಟೆ ಬೆಳಗಿನ ಲೋಕಲ್‌ನಲ್ಲೇ ಮುಗಿದುಹೋಗುತ್ತಿತ್ತು. ಸಂಜೆ ಮನೆಗೆ ಬಂದರೆ ಬೆರಳುಗಳಿಗೆ ಕೆಲಸವೇ ಇಲ್ಲ. ಹಾಗೆ ಕೂತಿದ್ದ ಒಂದು ಸಂಜೆ ಅಮ್ಮನ ಕೋಣೆಯಿಂದ ದನ ಕೂಗಿದ್ದು ಕೇಳಿಸಿತು. ಹೋಗಿ ನೋಡಿದರೆ ಅಮ್ಮ ಮಂಚದ ಮೇಲೆ ಕೂತು, ಯಾರೋ ದನ ಮೀಯಿಸುವ ವಿಡಿಯೊ ನೋಡುತ್ತಿದ್ದಳು. ನಾನೇ ಕೊಟ್ಟ ಹಳೆಯ ಫೋನು. ಎಪ್ಪತ್ತು ದಾಟಿದ ಹೆಂಗಸಿನ ಮೇಲೆ ಮಗಳಿಗೆ ಅನುಮಾನ ಬಂದಿರಲಿಲ್ಲ.

“ಅಮ್ಮಾ, ಕಾಲು ಒತ್ತಲಾ?”

ಅಮ್ಮ ಕನ್ನಡಕದ ಮೇಲಿನಿಂದ ನೋಡಿದಳು. “ಹುಷಾರಿದ್ದಿಯಲ್ಲ?”

ಅಂದಿನಿಂದ ನನ್ನ ಒಂದು ಕೈ ಅಮ್ಮನ ಪಾದದ ಮೇಲೆ, ಇನ್ನೊಂದು ಅವಳ ಫೋನಿನ ಮೇಲೆ. ನಾನು ಬರುವ ಮೊದಲೇ ಹೆಂಡತಿ ಅಲ್ಲಿ ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿ ಹೋಗುತ್ತಾಳೆ ಎಂಬುದು ಫೋನಿನ ಗಾಜಿನ ಮೇಲಿನ ಎಣ್ಣೆಗೆ ನನ್ನ ಬೆರಳು ಜಾರಿದಾಗ ಗೊತ್ತಾಯಿತು. ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಅಮ್ಮ ದಹಿಸರ್‌ನಲ್ಲಿರುವ ತನ್ನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಇಂಥ ಮಗ, ಸೊಸೆ ಯಾರಿಗೂ ಇಲ್ಲ ಮಾರಾಯ್ತಿ. ದಿನಾ ಸಂಜೆ ನನ್ನ ಹತ್ರವೇ.” ಚಿಕ್ಕಮ್ಮ ಅದನ್ನು ಹಿಡಿದು ತನ್ನ ಮಗನಿಗೆ ಬೈದಳಂತೆ. ಅವನು ನನಗೆ ಫೋನ್ ಮಾಡಿ, “ನೀನು ಎಂಥ ಹೊಸತು ಶುರು ಮಾಡಿದ್ದು? ಇಲ್ಲಿ ಅಮ್ಮ ನಮ್ಮನ್ನು ಕೂರ್ಲಿಕ್ಕೆ ಬಿಡುದಿಲ್ಲ,” ಎಂದು ರೇಗಿದ. ಹೆತ್ತವರ ಸೇವೆಯ ಬಗ್ಗೆ ನಾಲ್ಕು ಮಾತು ಹೇಳಿ ಫೋನಿಟ್ಟೆ.

ಒಂದು ಭಾನುವಾರ ಅಮ್ಮ ನಮ್ಮಿಬ್ಬರನ್ನೂ ಒಟ್ಟಿಗೆ ಕರೆದಳು. ಫೋನನ್ನು ನಮ್ಮತ್ತ ತಿರುಗಿಸಿದಳು.

“ಇದರಲ್ಲಿ ಈಗ ಬರೀ ಕ್ರಿಕೆಟು, ಸೀರೆ, ಮತ್ತೆ ಗುಂಡಿ ತೋಡುವವರು. ನನ್ನ ದನಗಳು ಎಲ್ಲಿಗೆ ಹೋದವು?”

ನಾವು ಏನೇನು ನೋಡುತ್ತೇವೆಂದು ತಿಳಿದುಕೊಂಡ ಫೋನು ಅದನ್ನೇ ಬಡಿಸತೊಡಗಿತ್ತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಫ್ಯಾನ್ ನೋಡಿದೆ.

“ನನಗೆ ಅಷ್ಟೂ ತಿಳಿಯುದಿಲ್ಲ ಅಂತ ಮಾಡಿದ್ದಾ?” ಎಂದ ಅಮ್ಮ ಮೊಮ್ಮಗಳನ್ನು ಕೂಗಿದಳು. “ಬಾ ಮಗಾ, ನನ್ನದಕ್ಕೂ ಲಾಕ್ ಹಾಕು. ಪಾಸ್‌ವರ್ಡ್ ನನ್ನ ಕಿವಿಯಲ್ಲಿ ಹೇಳು.”

ಮಗಳು ನಕ್ಕು ನಕ್ಕು, “ಅಜ್ಜಿ, ಯೂ ಆರ್ ದಿ ಬೆಸ್ಟ್,” ಎಂದು ಕೆಲಸ ಮುಗಿಸಿದಳು.

ಮರುದಿನ ಸಂಜೆ ಆ ಕೋಣೆಗೆ ಹೋಗುವುದೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದೆ. ಹೋಗದಿದ್ದರೆ ಮಾನ ಉಳಿಯುತ್ತಿರಲಿಲ್ಲ. ಎಣ್ಣೆ ಬಾಟಲಿ ಹಿಡಿದು ಹೆಂಡತಿಯೂ ಬಂದಳು. ಅವಳಿಗೂ ಅದೇ ಸಂಕಟ. ಅಮ್ಮ ಕಾಲು ನೀಡಿದಳು. “ಕೂತ್ಕೊಳ್ಳಿ. ಏನಾದ್ರೂ ಮಾತಾಡಿ.”

ನಾನು ಪಾದ ಹಿಡಿದೆ, ಹೆಂಡತಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಕೊನೆಗೆ ಅಮ್ಮನೇ ಕೇಳಿದಳು, “ಇಷ್ಟು ವರ್ಷ ಆಯ್ತು, ನೀನು ಆಫೀಸಿನಲ್ಲಿ ಎಂಥ ಮಾಡುದು?”

ಸಂತೋಷವಾಯಿತು. ಸಮುದ್ರದಲ್ಲಿ ಹೋಗುವ ಸರಕಿಗೆ ವಿಮೆ ಹೇಗೆ, ಸರಕು ಕೆಟ್ಟರೆ ಪರಿಹಾರ ಹೇಗೆ ಎಂದು ವಿವರಿಸತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಅಮ್ಮನ ಮುಖ ನೋಡಿದೆ. ಬೇಡದ ವಿಡಿಯೊ ಬಂದರೆ ನನ್ನ ಮುಖವೂ ಹಾಗೇ ಆಗುತ್ತಿರಬೇಕು.

“ಆಯ್ತಾಯ್ತು, ಉಳಿದದ್ದು ನಾಳೆ,” ಎಂದು ಅವಳು ಸೊಸೆಯ ಕಡೆ ತಿರುಗಿದಳು. “ನೀನು ಹೇಳು.”

ಹೆಂಡತಿ ಬಿಲ್ಡಿಂಗಿನಲ್ಲಿ ನೀರಿಗಾಗಿ ನಡೆದ ಜಗಳ ಶುರುಮಾಡಿದಳು. ಅಮ್ಮ ದಿಂಬನ್ನು ಬೆನ್ನಿಗೆ ಎಳೆದುಕೊಂಡು ನೆಟ್ಟಗೆ ಕೂತಳು. ನಾನು ಕಾಲು ಒತ್ತುತ್ತ ಉಳಿದೆ.