ಆಟೋ ಹತ್ತಿದ ಅನಿಲ

ಮದ್ರಾಸು ತನ್ನ ಹೊಸ ಹೆಸರಿಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದ ಆ ವರ್ಷಗಳ ಶಬ್ದಗಳಲ್ಲಿ ನನ್ನ ಕಿವಿಯಲ್ಲಿ ಇಂದಿಗೂ ಉಳಿದಿರುವುದು ದೇವಸ್ಥಾನದ ಗಂಟೆಯಲ್ಲ, ಸಮುದ್ರದ ಮೊರೆತವಲ್ಲ, ಒಂದು ದೀರ್ಘವಾದ ‘ಸುಸ್ಸ್’. ಸೋಡಾ ಬಾಟಲಿ ತೆರೆದಾಗಲೂ ಇಂಥದೇ ಶಬ್ದ ಬರುತ್ತದೆ, ಆದರೆ ಅದು ಕ್ಷಣಾರ್ಧದ ಮಾತು. ಇದೋ, ಒಂದು ಟೀ ತರಿಸಿ, ಆರಿಸಿ, ಕುಡಿದು, ಲೋಟ ಕೆಳಗಿಡುವವರೆಗೂ ಸಾವಧಾನವಾಗಿ ನಡೆಯುತ್ತಿತ್ತು.

ಇದನ್ನು ನಾನು ಮೊದಲು ಕೇಳಿದ್ದು ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ. ನನ್ನ ತಮ್ಮ ವಾಸು ಅಲ್ಲಿ ಸರ್ಕ್ಯೂಟ್ ಬ್ರೇಕರುಗಳ ರಿಪೇರಿ ವಿಭಾಗದ ಇಂಜಿನಿಯರ್. ಬ್ರೇಕರ್ ಎಂದರೆ ಮನೆಯ ಸ್ವಿಚ್ಚಿನ ದೈತ್ಯಾಕಾರದ ದೊಡ್ಡಪ್ಪ ಎಂದುಕೊಳ್ಳಿ. ಭಾರಿ ವಿದ್ಯುತ್ತನ್ನು ತಟ್ಟನೆ ಕಡಿದಾಗ ಹಾರುವ ಕಿಡಿಯನ್ನು ನುಂಗಿ ನೀರು ಕುಡಿಯಲು ಅದರ ಹೊಟ್ಟೆಯೊಳಗೆ ಒಂದು ಅನಿಲ ತುಂಬಿಟ್ಟಿರುತ್ತಾರೆ. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಆ ಸಾಲಂಕೃತ ನಾಮಧೇಯವನ್ನು ಯಾರೂ ಪೂರ್ತಿ ಹೇಳುತ್ತಿರಲಿಲ್ಲ, ಎಲ್ಲರಿಗೂ ಅದು ಎಸ್ಸೆಫ್ ಸಿಕ್ಸ್. ಬಣ್ಣವಿಲ್ಲ, ವಾಸನೆಯಿಲ್ಲ, ಹೊಸದಾಗಿದ್ದಾಗ ವಿಷವೂ ಅಲ್ಲ. ಕಾನ್ವೆಂಟಿನ ನಮ್ಮ ಸಿಸ್ಟರುಗಳು ನಾವು ಹೇಗಿರಬೇಕೆಂದು ಬಯಸಿದ್ದರೋ ಹಾಗೆ, ಪರ್ಫೆಕ್ಟ್ಲಿ ವೆಲ್ ಬಿಹೇವ್ಡ್. ಬ್ರೇಕರ್ ಬಿಚ್ಚಬೇಕಾದರೆ ಮೊದಲು ಆ ಅನಿಲವನ್ನು ಹೊರಗೆ ಬಿಡಬೇಕು. ಫೋರ್‌ಮನ್ ಏಳುಮಲೈ ಅವರ ಆಜ್ಞೆ ಸದಾ ಒಂದೇ: “ವಾಲ್ವ್ ತಿರುಗಿಸು, ಟೀ ಹೇಳು!” ಅವರು ಹೊಸೂರಿನ ಕಡೆಯವರು, ಕನ್ನಡ ತಮಿಳುಗಳನ್ನು ಒಂದೇ ಲೋಟದಲ್ಲಿ ಬೆರೆಸಿ ಕೊಡುತ್ತಿದ್ದರು.

ನಾನು ಮೈಲಾಪೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲಿಯೇ ಸೈನ್ಸ್ ಟೀಚರ್ ಆಗಿ, ಅಲ್ಲಿಯೇ ತಲೆ ನರೆಸಿಕೊಂಡವಳು. ವರ್ಷಕ್ಕೊಮ್ಮೆ ಎಕ್ಸಿಬಿಷನ್. ನನ್ನ ಐಟಂ ಜಗತ್ಪ್ರಸಿದ್ಧ, ಅಂದರೆ ನಮ್ಮ ಕಾಂಪೌಂಡಿನೊಳಗಿನ ಜಗತ್ತಿಗೆ. ಖಾಲಿ ಮೀನಿನ ತೊಟ್ಟಿಗೆ, ವಾಸು ಫುಟ್‌ಬಾಲ್ ಬ್ಲ್ಯಾಡರುಗಳಲ್ಲಿ ತುಂಬಿಸಿ ತಂದ ಈ ಅನಿಲವನ್ನು ಮೆಲ್ಲನೆ ಸುರಿಯುವುದು. ಗಾಳಿಗಿಂತ ಐದು ಪಟ್ಟು ಭಾರವಾದ್ದರಿಂದ ಅದು ತಳದಲ್ಲಿ ಕಾಣದ ಕೊಳವಾಗಿ ನಿಲ್ಲುತ್ತದೆ. ಅದರ ಮೇಲೆ ಬೆಳ್ಳಿಬಣ್ಣದ ಫಾಯಿಲಿನ ದೋಣಿಯೊಂದನ್ನು ಬಿಟ್ಟರೆ, ಅದು ಶೂನ್ಯದಲ್ಲಿ ತೇಲುತ್ತದೆ! ಹುಡುಗಿಯರು ‘ಓ’ ಎನ್ನುವರು, ತಾಯಂದಿರು ಕೈಮುಗಿಯುವರು, ನಾನು ಏನೂ ಆಗಿಲ್ಲವೆಂಬಂತೆ ಕನ್ನಡಕ ಒರೆಸಿಕೊಳ್ಳುವೆನು. ಸಂಜೆ ತೊಟ್ಟಿಯನ್ನು ಕಿಟಕಿಯಾಚೆ ಬೋರಲು ಹಾಕಿದರೆ ಮುಗಿಯಿತು.

ನಾನು ನಿವೃತ್ತಳಾಗುವ ವರ್ಷ ವಾಸು ಅನಿಲ ತರುವುದಿಲ್ಲವೆಂದ.

“ಅಕ್ಕ, ಇದು ಸಾಧು ಅಂದ್ಕೊಂಡಿದ್ವಲ್ಲ, ಮಹಾ ಖದೀಮ. ಭೂಮಿ ಬಿಸಿ ಮಾಡೋದ್ರಲ್ಲಿ ಕಾರ್ಬನ್ ಡೈಆಕ್ಸೈಡಿನ ಇಪ್ಪತ್ತು ಸಾವಿರ ಪಟ್ಟಿಗಿಂತ ಹೆಚ್ಚು. ಒಂದ್ಸಲ ಮೇಲಕ್ಕೆ ಹೋದ್ರೆ ಸಾವಿರಾರು ವರ್ಷ ಇಳಿಯಲ್ಲ.”

“ನಮ್ಮ ಸೋದರತ್ತೆ ಥರ ಅನ್ನು.”

“ತಮಾಷೆ ಅಲ್ಲಕ್ಕ. ಎಷ್ಟು ಟೀ ಕುಡಿದಿದೀವಿ ನಾವು!”

ಆ ಕೊನೆಯ ಮಾತನ್ನು ಅವನು ಹೇಳಿದ ರೀತಿಗೆ ನಾನು ಸುಮ್ಮನಾಗಬೇಕಿತ್ತು. ಅಷ್ಟರಲ್ಲಿ ಅವನು ಕಂಪನಿಯೊಂದಿಗೆ ಗುದ್ದಾಡಿ, ಅನಿಲವನ್ನು ಹೀರಿ ಸಿಲಿಂಡರಿಗೆ ಮರಳಿ ತುಂಬುವ ಮೆಷಿನ್ ತರಿಸಿದ್ದ; ಪ್ರತಿ ಸಂಜೆ ಸಿಲಿಂಡರುಗಳ ತೂಕ ತಾನೇ ನೋಡುತ್ತಿದ್ದ; ಬೇಕೆಂದು ಹೊರಗೆ ಬಿಟ್ಟವರು ಆ ಕೆಲಸದಿಂದ ಔಟ್ ಎಂದು ನಿಯಮ ಮಾಡಿದ್ದ. ನನಗೋ ಕೊನೆಯ ಎಕ್ಸಿಬಿಷನ್ನಿನ ಹಟ. ವ್ಯಾನಿಟಿ ಎಂಬುದಕ್ಕೆ ಕನ್ನಡದಲ್ಲಿ ಎಷ್ಟು ಪದಗಳಿವೆಯೋ ಅಷ್ಟೂ ನನ್ನಲ್ಲಿದ್ದವು. ವಾಸು ಊರಲ್ಲಿಲ್ಲದ ದಿನ ನೋಡಿ ಏಳುಮಲೈ ಅವರಿಗೆ ಫೋನ್ ಮಾಡಿದೆ. ಅವರ ಮಗಳಿಗೆ ನಾನು ಎರಡು ವರ್ಷ ಭಾನುವಾರಗಳಲ್ಲಿ ಸೈನ್ಸ್ ಹೇಳಿಕೊಟ್ಟಿದ್ದೆ. ಅದನ್ನು ನೆನಪಿಸಲಿಲ್ಲ; ಹುಡುಗಿ ಹೇಗಿದ್ದಾಳೆ ಎಂದು ಮಾತ್ರ ಕೇಳಿದೆ, ಅಷ್ಟೇ ಸಾಕಾಯಿತು.

ಎಕ್ಸಿಬಿಷನ್ ದಿನ ಅವರು ಇಸ್ತ್ರಿ ಷರಟು ಹಾಕಿಕೊಂಡು ಬ್ಲ್ಯಾಡರುಗಳೊಂದಿಗೆ ಬಂದರು. ದೋಣಿ ತೇಲಿತು, ಚಪ್ಪಾಳೆಯಾಯಿತು, ನನ್ನ ಕಣ್ಣೂ ತೇವವಾಯಿತು. ಮಧ್ಯಾಹ್ನ ಹಾಲ್ ಖಾಲಿಯಾದಾಗ ಅವರು ಸಂಕೋಚದಿಂದ ಹತ್ತಿರ ಬಂದು ಬರಿದಾದ ಬ್ಲ್ಯಾಡರುಗಳನ್ನು ಎತ್ತಿ ನೋಡಿದರು.

“ಅಮ್ಮಾ, ಗ್ಯಾಸ್ ಎಲ್ಲಿ?”

“ತೊಟ್ಟೀಲಿ.”

“ಐಯೋ! ತೋರಿಸಿ ವಾಪಸ್ ಕೊಡ್ತೀರಿ ಅಂದ್ಕಂಡೆ. ಸಾಯಂಕಾಲ ವಾಸು ಐಯಾ ಬರ್ತಾರೆ, ತೂಕ ಹಾಕ್ತಾರೆ. ಇನ್ನೊಂದು ವರ್ಷದಲ್ಲಿ ರಿಟೈರ್ ಆಗೋನು ನಾನು.”

ಕೈಗಡ ಕೊಟ್ಟವರು ಅವರು, ಕಾಣಿಕೆಯೆಂದು ತಿಳಿದು ಸುರಿದವಳು ನಾನು! ಮೂವತ್ತು ವರ್ಷದ ಸರ್ವೀಸಿನ ಕೊನೆಯಲ್ಲಿ, ಒಬ್ಬ ಟೀಚರಮ್ಮನ ದೋಣಿಯಾಟಕ್ಕಾಗಿ, ಅವರು ತಾವೇ ಕಲಿಸಿ ಬೆಳೆಸಿದವರೆದುರು ತಲೆ ತಗ್ಗಿಸಬೇಕಾಗಿತ್ತು. ನನ್ನ ಕಣ್ಣಿನ ತೇವ ತಕ್ಷಣ ಆರಿತು.

ತೊಟ್ಟಿಯ ಬಾಯಿಗೆ ಗಾಜಿನ ಮುಚ್ಚಳವಿಟ್ಟು, ಇನ್ಸುಲೇಷನ್ ಟೇಪು ಸುತ್ತಿ, ಇಬ್ಬರೂ ಆಟೋ ಹತ್ತಿದೆವು. ತೊಡೆಯ ಮೇಲೆ ಖಾಲಿ ತೊಟ್ಟಿಯನ್ನು ಮಗುವಿನಂತೆ ತಬ್ಬಿಕೊಂಡ ನನ್ನನ್ನು ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ, ಅಣ್ಣಾ ನಗರ್ ತಲುಪುವಷ್ಟರಲ್ಲಿ ತಡೆಯಲಾರದೆ ಕೇಳಿಯೇಬಿಟ್ಟ: “ಮೀನ್ ಎಂಗಮ್ಮಾ?” ಮೀನು ಎಲ್ಲಿ ಅಂತ. ಮೀನು ಹಿಂದಿನ ಆಟೋದಲ್ಲಿ ಬರುತ್ತಿದೆ, ನೀನು ಹಳ್ಳ ನೋಡಿ ಮೆಲ್ಲಗೆ ಓಡಿಸು ಎಂದು ಏಳುಮಲೈ ತಮಿಳಿನಲ್ಲಿ ಗದರಿದರು. ಒಂದೊಂದು ಹಳ್ಳಕ್ಕೂ ನಾನು ಮುಚ್ಚಳ ಒತ್ತಿಹಿಡಿದು ಸಿಸ್ಟರುಗಳು ಕಲಿಸಿದ ‘ಹೇಲ್ ಮೇರಿ’ ಪ್ರಾರ್ಥನೆ ಹೇಳಿದೆ, ನಡುನಡುವೆ ನಮ್ಮ ಮನೆದೇವರು ನರಸಿಂಹನನ್ನೂ ಸೇರಿಸಿಕೊಂಡೆ. ಆ ಹೊತ್ತಿನಲ್ಲಿ ಯಾರ ಜೂರಿಸ್‌ಡಿಕ್ಷನ್ ಎಂದು ವಿಚಾರಿಸುತ್ತ ಕೂರಲು ಪುರುಸೊತ್ತಿರಲಿಲ್ಲ.

ವಾಸು ಆಗಲೇ ತಕ್ಕಡಿಯ ಪಕ್ಕದಲ್ಲಿ ನಿಂತಿದ್ದ. “ತಪ್ಪು ನಂದೇ ಐಯಾ” ಎಂದು ಏಳುಮಲೈ ಶುರುಮಾಡಿದರು. ನಾನು ಅವರನ್ನು ಪಕ್ಕಕ್ಕೆ ಸರಿಸಿ ಎಲ್ಲವನ್ನೂ ಹೇಳಿದೆ.

ವಾಸು ತಕ್ಕಡಿ ಬಿಟ್ಟು ತೊಟ್ಟಿಯ ಬಳಿ ಬಂದ. “ಸುಳ್ಳು ಹೇಳಬೇಡಿ, ಕದೀಬೇಡಿ ಅಂತ ಮೂವತ್ತು ವರ್ಷ ಪಾಠ ಮಾಡಿದೀಯಲ್ಲಕ್ಕ?”

“ಪಾಠ ಮಾಡಿದೀನಿ ಕಣೋ. ಪರೀಕ್ಷೆ ಇವತ್ತೇ ಬರೆದದ್ದು. ಫೇಲು.”

ಅವನು ನಗಲಿಲ್ಲ. ಟೇಪಿನ ಒಂದು ಮೂಲೆ ಬಿಡಿಸಿ, ಮೆಷಿನ್ನಿನ ಕೊಳವೆಯನ್ನು ತಳಕ್ಕೆ ಇಳಿಸಿ, ಉಳಿದಷ್ಟನ್ನು ಹೀರಿಸಿದ. ಗಾಳಿ ಬೆರೆತಿದ್ದರಿಂದ ಅದು ಶುದ್ಧ ಸಿಲಿಂಡರಿಗೆ ಸೇರುವಂತಿರಲಿಲ್ಲ. ತೊಳೆಯಲು ಕಳುಹಿಸುವ ಕೊಳಕು ಅನಿಲದ ಸಿಲಿಂಡರಿಗೆ ಹೋಯಿತು. ತೂಕ ಹಾಕಿದಾಗ ಕೊಂಚ ಕಡಿಮೆಯೇ ಬಂತು. ಗೋಡೆಯ ಬೋರ್ಡಿನ ಮೇಲೆ ‘ಸೋರಿಕೆಗೆ ಹೊಣೆ’ ಎಂಬಲ್ಲಿ ವಾಸು ತನ್ನ ಹೆಸರನ್ನೇ ಬರೆದ. ಮೇಲಿನವರಿಂದ ಅವನಿಗೆ ಮೆಮೋ ಬಂತು. ಏಳುಮಲೈ ಅವರ ಕೆಲಸಕ್ಕೆ ಏನೂ ಆಗಲಿಲ್ಲ.

ಕ್ರಮೇಣ ಊರಿನ ಬೀದಿಗಳ ಮಟ್ಟದ ಬ್ರೇಕರುಗಳಿಗೆ ಈ ಅನಿಲವೇ ಬೇಡವಾಗುತ್ತ ಬಂತು. ವಾಸುವಿನ ವಿಭಾಗಕ್ಕೆ ವ್ಯಾಕ್ಯೂಮ್ ಬಾಟಲಿಗಳು ಬಂದವು: ಪಿಂಗಾಣಿಯ ಕೊಳವೆಯೊಳಗಿನ ಗಾಳಿಯನ್ನೆಲ್ಲ ತೆಗೆದುಬಿಟ್ಟರೆ, ಹಬ್ಬಿಕೊಳ್ಳಲು ಏನೂ ಸಿಗದೆ ಕಿಡಿ ತಾನಾಗಿಯೇ ಸಾಯುತ್ತದೆ. ದೊಡ್ಡ ದೊಡ್ಡ ವಿದ್ಯುತ್ ಸ್ಟೇಷನ್ನುಗಳಲ್ಲಿ ಮಾತ್ರ ಹಳೆಯ ಖದೀಮನೇ ಇದ್ದಾನೆ. ಅಲ್ಲಿಗೆ ಬೇರೆ ಅನಿಲವನ್ನೋ ಮಿಶ್ರಣವನ್ನೋ ಹುಡುಕುತ್ತಿದ್ದಾರಂತೆ, ಅಲ್ಲಿಯವರೆಗೆ ಸೋರದಂತೆ ಕಾಯುವುದೇ ಕೆಲಸ ಎನ್ನುತ್ತಾನೆ ವಾಸು. ಆ ಮಾತು ಹೇಳುವಾಗ ಅವನ ಮುಖ ಈಚೆಗೆ ಪ್ರಸನ್ನವಾಗಿರುತ್ತದೆ, ನೋಡಲು ನನಗೂ ಹಿತ.

ಏಳುಮಲೈ ಅವರನ್ನು ನಾನು ಕೊನೆಯ ಸಲ ನೋಡಿದ್ದು, ಅವರು ನಿವೃತ್ತರಾಗಿ ಎರಡು ವರ್ಷವಾದ ಮೇಲೆ, ಮೈಲಾಪೂರಿನ ಬಸ್ ಸ್ಟಾಪಿನಲ್ಲಿ. ಕೈಯಲ್ಲಿ ಮೊಮ್ಮಗಳಿಗೆ ಕೊಂಡ ಸ್ಲೇಟು. ಅಂದು ಕೇಳದೆ ಉಳಿದ ಕ್ಷಮೆಯನ್ನು ನಾನು ಕೇಳಲು ತೊಡಗಿದೆ. ಇಂಗ್ಲಿಷಿನಲ್ಲಿ ಸುಲಭವೆಂದು ‘ಐ ಆಮ್ ಸಾರಿ’ಯಿಂದ ಆರಂಭಿಸಿ, ಅದು ಸಾಲದೆನಿಸಿ ಕನ್ನಡಕ್ಕೆ ಬಂದು, ಅಲ್ಲಿ ಸಿಕ್ಕಿಹಾಕಿಕೊಂಡೆ.

“ನೀವು ಕೇಳಿದ್ದು ತಪ್ಪಲ್ಲಮ್ಮ. ಆಗಲ್ಲ ಅನ್ನಬೇಕಾದೋನು ನಾನು. ಟೀಚರಮ್ಮಂಗೆ ಹೆಂಗೆ ಅನ್ನೋದು ಅಂತ ಭಯ.”

“ಈಗ ಹೋಯ್ತಾ ಭಯ?”

“ನೋಡೋಣ, ಏನಾದ್ರೂ ಕೇಳಿ.”

“ಇಲ್ಲೇ ಪಕ್ಕದ ಬೀದಿ, ಮನೆಗೆ ಬಂದು ಒಂದು ಕಾಫಿ ಕುಡಿದು ಹೋಗಿ.”

ಅವರ ಬಸ್ಸು ಬಂದು ನಿಂತಿತು. ಅವರು ಸ್ಲೇಟನ್ನು ಕಂಕುಳಲ್ಲಿ ಸಿಕ್ಕಿಸಿ ಮೆಟ್ಟಿಲು ಹತ್ತಿ, ಸರಳಿಗೆ ಜೋತು, ಇಡೀ ಬಸ್ಸಿಗೆ ಕೇಳಿಸುವಂತೆ “ಆಗಲ್ಲಮ್ಮಾ!” ಎಂದರು, ಮುಖದ ತುಂಬ ನಗುತ್ತ.