ಗುನ್ನೆಲ್ ಅವರ ಮೂಸ್‌ಗೆ ಗುದ್ದಲೊಲ್ಲದ ಕಾರು

ಬೆಳಗಿನ ಆರು ಗಂಟೆ. ಅಕ್ಟೋಬರಿನ ಮಂಜು ಹೋಲ್ಮ್‌ಫೋರ್ಸ್ ಊರಿನ ಮೇಲೆ ಇನ್ನೂ ಕೂತಿದೆ. ಗುನ್ನೆಲ್ ಆಸ್ಪ್‌ಲುಂಡ್ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಮಂಡಿಯೂರಿ ಕೂತು ರಬ್ಬರಿನ ಮೂಸ್ ಪ್ರಾಣಿಯ ಹೊಟ್ಟೆ ಕಟ್ಟುತ್ತಿದ್ದಾರೆ. ಕಪ್ಪು ರಬ್ಬರಿನ ದಪ್ಪ ಬಿಲ್ಲೆಗಳು, ಒಂದೊಂದೂ ರೊಟ್ಟಿ ಹಂಚಿನಷ್ಟು ಅಗಲ. ಬಿಲ್ಲೆಯ ತೂತಿಗೆ ಉಕ್ಕಿನ ಹುರಿ ತೂರಿಸುತ್ತಾರೆ, ಸ್ವಲ್ಪ ಸಡಿಲ ಬಿಟ್ಟು ಎಳೆಯುತ್ತಾರೆ, ಮತ್ತೊಂದನ್ನು ಎತ್ತಿಕೊಳ್ಳುತ್ತಾರೆ. ಉದ್ದನೆಯ ನಾಲ್ಕು ಕಾಲುಗಳು ಗೋಡೆಗೆ ಒರಗಿ ನಿಂತಿವೆ. ತಲೆ ಎಲ್ಲೂ ಕಾಣುವುದಿಲ್ಲ.

"ತಲೆ ಮಾಡೋದಿಲ್ವಾ?" ಎಂದು ನೋಟ್‌ಬುಕ್ ತೆರೆದು ಕೇಳುತ್ತೇನೆ.

"ತಲೆ ಯಾರನ್ನೂ ಕೊಲ್ಲಲ್ಲ ಕಣೆ. ಕೊಲ್ಲೋದು ಹೊಟ್ಟೆ," ಎನ್ನುತ್ತಾರೆ ಗುನ್ನೆಲ್, ಹುರಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ.

ಹೊರಗೆ ಅವರ ಗಂಡ ಬೊರ್ಯೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾರೆ. ಶೆಡ್ಡನ್ನು ಮೂಸ್ ಹಿಡಿದುಕೊಂಡ ಮೇಲೆ ಅವರ ಕಾರು ಚಳಿಯಲ್ಲೇ ಮಲಗುತ್ತದೆ. "ನಲವತ್ತು ವರ್ಷ ಸಂಸಾರ ಮಾಡಿದೀನಿ. ರಬ್ಬರ್ ಪ್ರಾಣಿಗೆ ಮನೆಯೊಳಗೆ ಜಾಗ, ನನ್ನ ಕಾರು ಬೀದಿಪಾಲು!" ಎಂದು ನನಗೆ ಕೇಳಿಸುವಂತೆಯೇ ಗೊಣಗುತ್ತಾರೆ. "ನಮ್ಮೂರಿನ ವೀಪಾ ಕಾರು ತಗೊಂಡಿದ್ರೆ ಒಳಗೆ ಬಿಡ್ತಿದ್ದೆ. ಯಾವನ್ಯಾವನೋ ಮಾಡಿದ ಡಬ್ಬಾ ತಂದ್ಯಲ್ಲ, ಅನುಭವಿಸು," ಎಂದು ಒಳಗಿನಿಂದ ಉತ್ತರ ಹೋಗುತ್ತದೆ.

ಕಾಡಿನ ಮೂಸ್ ನೋಡಲು ಕಡವೆಯ ಜಾತಿ, ಎತ್ತರದಲ್ಲಿ ಕುದುರೆಯನ್ನೂ ಮೀರಿಸುತ್ತದೆ. ಸಣಕಲು ಕಾಲು, ಅದರ ಮೇಲೆ ಭಾರೀ ಹೊಟ್ಟೆ. ಕಾರು ಗುದ್ದಿದರೆ ಅದರ ಮೂತಿ ಮೂಸ್‌ನ ಕಾಲನ್ನಷ್ಟೇ ಹೊಡೆಯುತ್ತದೆ. ಇಡೀ ಹೊಟ್ಟೆ ನೇರವಾಗಿ ಎದುರಿನ ಗಾಜಿನ ಮೇಲೆ, ಕೂತವರ ಮುಖದ ಮೇಲೆ ಬಂದು ಬೀಳುತ್ತದೆ. ಗಾಜಿನ ಎರಡು ಪಕ್ಕದ ಕಂಬಗಳು ಮತ್ತು ಛಾವಣಿಯ ಮುಂದಿನ ಅಂಚು ತಡೆದರೆ ಜೀವ ಉಳಿಯಿತು, ಇಲ್ಲದಿದ್ದರೆ ಇಲ್ಲ. ಅದು ತಡೆಯುತ್ತದೋ ಇಲ್ಲವೋ ಎಂದು ಕಾರು ಮಾರುವ ಮೊದಲೇ ತಿಳಿಯಲು ರಬ್ಬರಿನ ಮೂಸ್ ಬೇಕು. ಮೂವತ್ತು ವರ್ಷಕ್ಕೂ ಮೀರಿ ಅದನ್ನು ಕಟ್ಟಿ, ಗುದ್ದಿಸಿ, ಚೆಲ್ಲಾಪಿಲ್ಲಿಯಾದದ್ದನ್ನು ಆಯ್ದು ತಂದು ಮತ್ತೆ ಕಟ್ಟಿದ ಕೈ ಗುನ್ನೆಲ್ ಅವರದು. ಈ ಹೆಂಗಸಿನ ಹೆಸರು ವೀಪಾದ ಯಾವ ಜಾಹೀರಾತಿನಲ್ಲಿಯೂ ಬಂದಿಲ್ಲ.

ವೀಪಾ ಎಂದರೆ ನಮ್ಮೂರು, ನಮ್ಮೂರು ಎಂದರೆ ವೀಪಾ. ದೋಣಿಯ ಎಂಜಿನ್ ಮಾಡುತ್ತಿದ್ದವರು ಯುದ್ಧ ಮುಗಿದ ಮೇಲೆ ಕಾರು ಮಾಡಲು ಹೊರಟರು. ಕಾರು ಹೇಗಿರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದೇ ಒಳ್ಳೆಯದಾಯಿತು. ಬೋರಲು ಹಾಕಿದ ದೋಣಿಯಂಥ ಮೈ. ಬಾನೆಟ್ ಪಕ್ಕಕ್ಕೆ ಬಾಗಿಲಿನಂತೆ ತೆರೆಯುತ್ತಿತ್ತು. ವೇಗದ ಮುಳ್ಳು ಥರ್ಮಾಮೀಟರಿನ ಹಾಗೆ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಹಿಂದಿನ ಸೀಟಿನಡಿ ಹಿಮ ಎತ್ತುವ ಸಲಿಕೆಗೆ ಬೇರೆಯೇ ಗೂಡು. ಮೇಷ್ಟ್ರುಗಳು, ಹಲ್ಲಿನ ಡಾಕ್ಟರುಗಳು, ಚರ್ಚಿನ ಆರ್ಗನ್ ನುಡಿಸುವವರು ಇದನ್ನು ಕೊಂಡರು. ಉಳಿದವರು ಅವರನ್ನು ತಲೆ ಸ್ವಲ್ಪ ಸಡಿಲ ಎಂದು ನಕ್ಕರು. ದಾರಿಯಲ್ಲಿ ಎರಡು ವೀಪಾ ಎದುರಾದರೆ ಒಳಗಿದ್ದವರು ಗುರುತಿಲ್ಲದಿದ್ದರೂ ಕೈಯೆತ್ತುತ್ತಿದ್ದರು. ಆಮೇಲೆ ಬೇರೆ ದೇಶದವರೂ ಕೊಳ್ಳತೊಡಗಿ, ಫ್ಯಾಕ್ಟರಿ ಮೂರು ಪಾಳಿಯಲ್ಲಿ ನಡೆಯಿತು.

ಗುನ್ನೆಲ್ ಅಲ್ಲಿಗೆ ಸೇರಿದ್ದು ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸುವ ಕೆಲಸಕ್ಕೆ. ಮೇಲ್ವಿಚಾರಕನ ಜೊತೆ ಜಗಳವಾಡಿದ್ದಕ್ಕೆ ಶಿಕ್ಷೆಯಾಗಿ, ಕಾರು ಗುದ್ದಿಸಿ ನೋಡುವ ಪರೀಕ್ಷಾ ರಸ್ತೆಯ ಮೂಲೆಯ ಶೆಡ್ಡಿಗೆ ತಳ್ಳಿದರು. "ರಬ್ಬರ್ ಅಂದ್ರೆ ರಬ್ಬರ್, ಹೋಗಿ ಮೂಸ್ ನೋಡ್ಕೋ ಅಂದ್ರು. ಹಿಂದಿನವನು ಕಟ್ಟಿದ್ದ ಮೂಸ್ ಹಾಸಿಗೆ ಸುತ್ತಿಟ್ಟ ಹಾಗಿತ್ತು. ಗುದ್ದಿದ್ರೆ ಪುಟಿದು ಹೋಗೋದು. ಮೂಸ್ ಪುಟಿಯತ್ತಾ? ಬೇಟೆಗೆ ಹೋಗೋ ನಮ್ಮಪ್ಪನ್ನ ಕರ್ಕೊಂಡ್ಬಂದೆ. ಅವರು ಕೈಯಲ್ಲಿ ಅಮುಕಿ ನೋಡಿ, 'ಇದು ಮೂಸ್ ಅಲ್ಲ ಮಗಳೇ, ಸೋಫಾ' ಅಂದ್ರು," ಎಂದು ಗುನ್ನೆಲ್ ಗಹಗಹಿಸಿ ನಗುತ್ತಾರೆ. ಅಂದೇ ಅದನ್ನು ಬಿಚ್ಚಿ, ಬಿಲ್ಲೆಗಳನ್ನು ಸಡಿಲವಾಗಿ ಪೋಣಿಸಿ, ಜೋತುಬೀಳುವ ನಿಜವಾದ ಭಾರದ ಹೊಟ್ಟೆ ಮಾಡಿದರು. ಮುಂದಿನ ಪರೀಕ್ಷೆಯಲ್ಲಿ ಎಂಜಿನಿಯರುಗಳ ಮುಖ ಬಿಳುಚಿತು. ಛಾವಣಿ ಸೀಟಿನ ತನಕ ಕುಸಿದಿತ್ತು. ಅವರು ಮುನಿಸಿಕೊಳ್ಳಲಿಲ್ಲ, ಅದು ಅವರ ದೊಡ್ಡತನ. ಕಂಬಗಳನ್ನು ಹೊಸದಾಗಿ ಮಾಡಿದರು.

ಆ ಹೊಸ ಕಂಬಗಳ ಬೆಲೆ ಏನೆಂದು ಸೊಲ್ವೇಗ್ ನೂರ್ಲಿಂಗ್ ಅವರನ್ನು ಕೇಳಬೇಕು. ಪುರಸಭೆಯ ಪರವಾಗಿ ಹಳ್ಳಿಯ ಮನೆಮನೆಗೆ ಹೋಗಿ ವಯಸ್ಸಾದವರಿಗೆ ಔಷಧಿ ಕೊಟ್ಟು, ಸ್ನಾನ ಮಾಡಿಸಿ ಬರುವ ಕೆಲಸ ಅವರದು. ಬೆಳಕು ಹರಿಯುವ ಮುಂಚೆ ಕಾಡಿನ ದಾರಿ, ಕತ್ತಲಾದ ಮೇಲೆ ಮತ್ತೆ ಅದೇ ಕಾಡಿನ ದಾರಿ. ವರ್ಷಗಳ ಹಿಂದೆ ಒಂದು ಮುಂಜಾನೆ ಅವರ ವೀಪಾಗೆ ಮೂಸ್ ಅಡ್ಡ ಬಂತು.

"ಬ್ರೇಕ್ ಒತ್ತಿದ್ದೊಂದೇ ನೆನಪು. ಆಮೇಲೆ ಕಣ್ಣು ಬಿಟ್ರೆ ಕೂದಲೆಲ್ಲ ಗಾಜು, ತಲೆ ಮೇಲೆ ಮೂಸ್ ಹೊಟ್ಟೆ. ನಡುವೆ ಛಾವಣಿ ಇತ್ತು. ಬಾಗಿತ್ತು, ಆದ್ರೆ ಇತ್ತು," ಎನ್ನುತ್ತಾರೆ ಸೊಲ್ವೇಗ್. ಅವರು ಬಾಗಿಲು ಒದ್ದು ಹೊರಬಂದು, ಮುಂದಿನ ಮನೆಯ ತನಕ ನಡೆದು, ಕಾಯುತ್ತಿದ್ದ ಅಜ್ಜನಿಗೆ ಇನ್ಸುಲಿನ್ ಚುಚ್ಚಿ, ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದರು. ನಜ್ಜುಗುಜ್ಜಾದ ಕಾರನ್ನು ಫ್ಯಾಕ್ಟರಿಗೆ ತಂದಾಗ ಗುನ್ನೆಲ್ ಅದರ ಛಾವಣಿಯ ಮೇಲೆ ಕೈಯಾಡಿಸಿ ನೋಡಿದರು. ತಮ್ಮ ರಬ್ಬರ್ ಮೂಸ್ ಎಲ್ಲಿ ತಗ್ಗು ಮಾಡುತ್ತಿತ್ತೋ ಅಲ್ಲೇ ತಗ್ಗು. "ಶೆಡ್ಡಿಗೆ ಹೋಗಿ ಒಬ್ಬಳೇ ಕೂತು ಅತ್ತೆ. ಬೊರ್ಯೆಗೂ ಹೇಳಿರ್ಲಿಲ್ಲ," ಎನ್ನುತ್ತಾರೆ.

ಹೊಟ್ಟೆ ಉರಿಯುವ ಭಾಗ ಇನ್ನು ಶುರು. ಚೆನ್ನಾಗಿ ನಡೆಯುತ್ತಿದ್ದ ವೀಪಾವನ್ನು ಸಮುದ್ರದಾಚೆಯ ದೊಡ್ಡ ಕಂಪನಿಯೊಂದು ಕೊಂಡಿತು. ತಮ್ಮ ಇನ್ನೊಂದು ಕಾರಿನ ಅಚ್ಚಿನಲ್ಲೇ ವೀಪಾವನ್ನೂ ಎರಕ ಹೊಯ್ಯಿರಿ, ಮುಂದೆ ಬೇರೆ ಮೂತಿ ಅಂಟಿಸಿದರೆ ಆಯಿತು ಎಂದರು. ಪರೀಕ್ಷಾ ರಸ್ತೆ ನೋಡಲು ಬಂದ ಅವರಲ್ಲೊಬ್ಬ, "ನಮ್ಮ ಗಿರಾಕಿಗಳ ಊರಲ್ಲಿ ಮೂಸ್ ಎಷ್ಟಿವೆ?" ಎಂದು ಕೇಳಿ ನಕ್ಕನಂತೆ. ಮೂಸ್ ಪರೀಕ್ಷೆ ರದ್ದಾಯಿತು. ನಮ್ಮ ಎಂಜಿನಿಯರುಗಳು ಅದಕ್ಕೆ 'ರಬ್ಬರ್ ಭಾಗಗಳ ತಪಾಸಣೆ' ಎಂದು ಹೆಸರಿಟ್ಟು ಶನಿವಾರಗಳಲ್ಲಿ ಕದ್ದು ನಡೆಸಿದರು. ಜನರ ಜೀವ ಉಳಿಸುವ ಕೆಲಸವನ್ನು ಕಳ್ಳರ ಹಾಗೆ ಮಾಡಬೇಕಾಗಿ ಬಂತಲ್ಲ, ಇದಕ್ಕೆ ಏನನ್ನುವುದು?

ಎಲ್ಲದರ ಹಾಗೆ ಕಾಣುವ ಕಾರನ್ನು ವೀಪಾ ಅಂತ ಯಾಕೆ ಕೊಳ್ಳಬೇಕು? ಮೇಷ್ಟ್ರುಗಳೂ ಆರ್ಗನ್ ನುಡಿಸುವವರೂ ಕೊಳ್ಳುವುದನ್ನು ಬಿಟ್ಟರು. ದೊಡ್ಡ ಕಂಪನಿ ಕೈ ತೊಳೆದುಕೊಂಡಿತು. ಆಮೇಲೆ ಬಂದ ಒಬ್ಬ ಮಾಲೀಕ ಹೋದ, ಮತ್ತೊಬ್ಬ ಹೋದ. ಒಂದು ಗುರುವಾರ ಕ್ಯಾಂಟೀನಿನಲ್ಲಿ ಎಲ್ಲರೂ ಬಟಾಣಿ ಸೂಪು ಕುಡಿಯುತ್ತ ಕೂತಿದ್ದಾಗ ದಿವಾಳಿಯ ಸುದ್ದಿ ಬಂತು. ಅದೂ ರೇಡಿಯೋದಲ್ಲಿ. ಜೀವಮಾನ ಸವೆಸಿದವರಿಗೆ ಎದುರು ನಿಂತು ಹೇಳುವಷ್ಟು ಮರ್ಯಾದೆ ಯಾರಿಗೂ ಇರಲಿಲ್ಲ. ಆ ದಿನ ಊರಿನ ಬೀದಿಗಳು ಹೇಗಿದ್ದವೆಂದು ನಾನೇ ನೋಡಿದ್ದೇನೆ. ಈ ಊರಿಗೆ ಬಂದು ನೆಲೆಸಿದ ಇಷ್ಟು ವರ್ಷಗಳಲ್ಲಿ ಗಂಡಸರು ಬಸ್ ನಿಲ್ದಾಣದಲ್ಲಿ ಅಳುವುದನ್ನು ಕಂಡದ್ದು ಅದೊಂದೇ ಸಲ.

ಫ್ಯಾಕ್ಟರಿಯ ಸಾಮಾನು ಹರಾಜಾದಾಗ ಮೂಸನ್ನು ರಬ್ಬರ್ ಕಸವೆಂದು ಅಂಗಳಕ್ಕೆ ಎಸೆದರು. ಗುನ್ನೆಲ್ ಕೇಳಿ, ಒಪ್ಪಿಗೆ ಪಡೆದು, ಬೊರ್ಯೆಯ ಟ್ರೇಲರಿನಲ್ಲಿ ಹೇರಿಕೊಂಡು ಬಂದರು. ಕೆಲವು ವರ್ಷಗಳ ನಂತರ ಹೊಸಬರು ವೀಪಾ ಎಂಬ ಹೆಸರನ್ನೂ ಪರೀಕ್ಷಾ ರಸ್ತೆಯನ್ನೂ ಕೊಂಡು, ರಸ್ತೆಯನ್ನು ಬೇರೆ ಕಂಪನಿಗಳಿಗೆ ಬಾಡಿಗೆ ಕೊಡತೊಡಗಿದರು. ಮೂಸ್ ಪರೀಕ್ಷೆ ಬೇಕೆಂದವರು ಬಂದಾಗ ಗುನ್ನೆಲ್‌ಗೆ ಕರೆ ಬರುತ್ತಿತ್ತು. ದಿನಗೂಲಿ. ಪರೀಕ್ಷಾ ರಸ್ತೆಯ ಹಳೆಯ ಶೆಡ್ಡಿನಲ್ಲೇ ಮೂಸ್ ಇಟ್ಟುಕೊಳ್ಳಲು ಬಿಟ್ಟಿದ್ದರು.

ಈ ವರ್ಷ ಆಗಸ್ಟಿನಲ್ಲಿ 'ವೀಪಾ ಮರಳಿ ಬಂದಿದೆ' ಎಂಬ ಹಲಗೆಗಳು ಊರ ತುಂಬ ಎದ್ದವು. ಬ್ಯಾಟರಿ ಕಾರು. ಎಲ್ಲೋ ತಯಾರಾದದ್ದು, ಇಲ್ಲಿ ವೀಪಾ ಬಿಲ್ಲೆ ಅಂಟಿಸಿಕೊಂಡದ್ದು. ಪುರಸಭೆ ಸಂಭ್ರಮದಿಂದ ಸೊಲ್ವೇಗ್ ಮತ್ತು ಅವರ ಜೊತೆಯವರಿಗೆಲ್ಲ ಅದನ್ನೇ ಕೊಡಿಸಲು ಒಪ್ಪಂದ ಮಾಡಿಕೊಂಡಿತು. ಕಂಪನಿಯ ಪ್ರಚಾರ ನೋಡಿಕೊಳ್ಳುವ ಪೊಂಟುಸ್ ಶೆಡ್ಡಿಗೆ ಬಂದ. ಹೊಸ ಕಾರಿನ ಪಕ್ಕ ಮೂಸ್ ನಿಲ್ಲಿಸಿ ಫೋಟೋ ತೆಗೆಯಬೇಕು, ಮೂಸ್‌ಗೂ ಹೆದರದ ವೀಪಾ ಎಂದು ಬರೆಯಬೇಕು ಎಂದ.

"ಯಾವಾಗ ಗುದ್ದಿಸಿದ್ರಿ? ನನ್ನನ್ನ ಕರೀಲೇ ಇಲ್ಲ?" ಎಂದರು ಗುನ್ನೆಲ್.

"ಕಂಪ್ಯೂಟರ್‌ನಲ್ಲಿ ಸಾಕಷ್ಟು ಸಲ ಗುದ್ದಿಸಿದಾರೆ ಗುನ್ನೆಲ್. ಚೆನ್ನಾಗೇ ನಿಂತಿದೆ."

"ಹಾಗಾದ್ರೆ ಫೋಟೋನೂ ಕಂಪ್ಯೂಟರ್‌ನಲ್ಲೇ ತೆಕ್ಕೊಳಪ್ಪ."

ಪೊಂಟುಸ್ ಕಾನೂನು ಹೇಳಿದ. ಕಾನೂನು ಕೇಳುವ ಎಲ್ಲ ಪರೀಕ್ಷೆಯೂ ಆಗಿದೆ, ಕಾನೂನಿನಲ್ಲಿ ಮೂಸ್ ಇಲ್ಲ ಎಂದ. "ಕಾಡಲ್ಲಿ ಇದ್ಯಲ್ಲೋ!" ಎಂದು ಗುನ್ನೆಲ್ ಕೂಗಿದರು. "ಒಂದು ಕಾರು ಕೊಡು. ಒಂದೇ ಒಂದು. ಒಳಗೆ ಯಾರೂ ಬೇಡ, ಹಗ್ಗ ಕಟ್ಟಿ ಎಳೆಯೋಣ. ಛಾವಣಿ ನಿಂತ್ರೆ ಮೂಸ್ ಪಕ್ಕ ನಾನೂ ನಿಂತು ಹಲ್ಲು ಕಿರೀತೀನಿ, ಎಷ್ಟು ಬೇಕಾದ್ರೂ ಫೋಟೋ ತೆಗಿ. ಗುದ್ದದೇ ಇರೋ ಕಾರಿನ ಪಕ್ಕ ನನ್ನ ಮೂಸ್ ನಿಲ್ಲಲ್ಲ." ಒಂದು ವಾರದೊಳಗೆ ಶೆಡ್ ಖಾಲಿ ಮಾಡಬೇಕೆಂಬ ಆದೇಶ ಬಂತು. ಪರೀಕ್ಷಾ ರಸ್ತೆಗೂ ಇನ್ನು ಕಾಲಿಡುವಂತಿಲ್ಲ. ಮೂಸ್ ಗುನ್ನೆಲ್ ಅವರ ಮನೆಯ ಕಾರ್ ಶೆಡ್ಡಿಗೆ ಬಂತು.

ನಾನು ಪೊಂಟುಸ್‌ಗೆ ಫೋನ್ ಮಾಡಿದೆ. ಅವನ ಅಪ್ಪ ಇದೇ ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವರು. "ನನಗೂ ಮೇಲಿನವರಿದಾರೆ. ಗುನ್ನೆಲ್ ಹೇಳಿದ್ದನ್ನ ಹಾಗೇ ಹೇಳ್ದೆ. ಗುದ್ದಿಸಿ, ಏನಾದ್ರೂ ಆದ್ರೆ ಯಾರು ಜವಾಬ್ದಾರಿ ಅಂದ್ರು," ಎಂದ. ಅವನ ದನಿ ಚಿಕ್ಕದಾಗಿತ್ತು. ಗುದ್ದಿಸದೆ ಏನಾದರೂ ಆದರೆ ಯಾರು ಜವಾಬ್ದಾರಿ ಎಂದು ಕೇಳಿದೆ. ಮೀಟಿಂಗ್ ಇದೆ ಎಂದು ಫೋನ್ ಇಟ್ಟ.

ಫೋಟೋ ನಿಲ್ಲಲಿಲ್ಲ. ಹೆದ್ದಾರಿಯ ಪ್ರವಾಸಿ ಅಂಗಡಿಯ ಮುಂದೆ ಮಕ್ಕಳು ಹತ್ತಿ ಕೂರುವ ಫೈಬರ್ ಮೂಸ್ ಒಂದಿತ್ತಲ್ಲ, ಅದನ್ನು ಹೊತ್ತು ತಂದು ಕಾರಿನ ಪಕ್ಕ ನಿಲ್ಲಿಸಿದ್ದಾರೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಅದು ಈಗಲೂ ನಗುತ್ತಿದೆ. ನಾಚಿಕೆ ಎಂಬುದು ಎಳ್ಳಷ್ಟಾದರೂ ಬೇಡವೇ? ಪುರಸಭೆಗೆ ಹೋಗಿ ಕೇಳಿದರೆ ಒಪ್ಪಂದ ಮುಗಿದಿದೆ, ಕಾರು ಕಾನೂನಿನಂತಿದೆ ಎಂಬ ಒಂದೇ ಮಾತು. ಮುಂದಿನ ತಿಂಗಳು ಮೊದಲ ಕಾರುಗಳು ಬರಲಿವೆ. ಹಳೆಯ ವೀಪಾಗಳು ಗುಜರಿಗೆ.

ಗುನ್ನೆಲ್ ಸುಮ್ಮನೆ ಕೂತಿಲ್ಲ. ಮುಂದಿನ ಬುಧವಾರ ಇನ್ನೂರು ಕಿಲೋಮೀಟರ್ ದೂರದ ರಸ್ತೆ ಸಂಶೋಧನಾ ಕೇಂದ್ರವೊಂದಕ್ಕೆ ಬೇರೆ ಕಾರುಗಳ ಪರೀಕ್ಷೆಗಾಗಿ ಮೂಸ್ ಹೊರಡಲಿದೆ. ಟ್ರೇಲರ್ ಎಳೆಯುವುದು ಬೊರ್ಯೆಯ ಡಬ್ಬಾ. ಒಂದು ಹೊಸ ವೀಪಾ ತಂದರೆ ಅದನ್ನೂ ಅಲ್ಲೇ ಬಿಟ್ಟಿಯಾಗಿ ಗುದ್ದಿಸಿಕೊಡುವುದಾಗಿ ಕೇಂದ್ರದವರು ಒಪ್ಪಿದ್ದಾರೆ. ಗುನ್ನೆಲ್ ಇದನ್ನು ಕಂಪನಿಗೂ ಪುರಸಭೆಗೂ ತಿಳಿಸಿದ್ದಾರೆ. ಇಬ್ಬರೂ ಬೇಡ ಎಂದಿದ್ದಾರೆ.

ಈ ವಾರ ರಾತ್ರಿ ಪಾಳಿಯಲ್ಲಿರುವ ಸೊಲ್ವೇಗ್ ಏಳು ಗಂಟೆಗೆ ಕೆಲಸ ಮುಗಿಸಿ ಶೆಡ್ಡಿಗೆ ಬರುತ್ತಾರೆ. ಫ್ಲಾಸ್ಕಿನ ಕಾಫಿ ಮೂರು ಲೋಟಕ್ಕೆ ಹಂಚಿಕೆಯಾಗುತ್ತದೆ. "ನೇರವಾಗಿ ಹೇಳು ಗುನ್ನೆಲ್. ಆ ಕಾರಲ್ಲಿ ಕೂರಬಹುದಾ ನಾನು?" ಎಂದು ಕೇಳುತ್ತಾರೆ.

ಗುನ್ನೆಲ್ ಹುರಿಯ ಕೊನೆಯ ಗಂಟನ್ನು ಎಳೆದು ಬಿಗಿದು, ಕೈ ಒರೆಸಿಕೊಳ್ಳುತ್ತಾರೆ.

"ಗೊತ್ತಿಲ್ಲ ಕಣೆ. ನಿಜವಾಗ್ಲೂ ಗೊತ್ತಿಲ್ಲ. ಗಟ್ಟಿ ಛಾವಣಿನೇ ಇರಬಹುದು, ನಾನೇ ಸುಮ್ನೆ ಬಾಯಿ ಬಡ್ಕೊಳ್ತಿರಬಹುದು. ಹಾಗೇ ಆಗ್ಲಿ ಅಂತ್ಲೇ ನನ್ನಾಸೆ," ಎನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಬರ್ಕೊ. ಗುನ್ನೆಲ್ ಹೇಳಿದ್ದು ತಪ್ಪು ಅಂತ ತೋರಿಸೋದಿದ್ರೆ ಬುಧವಾರ ನನ್ನ ರಬ್ಬರ್ ಮೂಸ್ ಮುಂದೆ ತೋರಿಸ್ಲಿ. ಕಾಡಿನ ಮೂಸ್ ಮುಂದೆ, ಇವಳನ್ನ ಒಳಗೆ ಕೂರಿಸಿ ಅಲ್ಲ."