ಬೀರೂರು ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿದ ಸೈಕಲ್

ಕಳೆದ ಭಾನುವಾರ ನನ್ನ ಶಿಷ್ಯ ರುದ್ರೇಶ ಎಲ್ಲರಿಗಿಂತ ಮುಂದೆ ಬಂದು, ನನ್ನ ಕಣ್ಣೆದುರೇ ತಪ್ಪು ರಸ್ತೆ ಹಿಡಿದ.

ಕಡೂರಿನಿಂದ ತರೀಕೆರೆಗೆ ಸೈಕಲ್ ರೇಸ್. ದಾರಿ ತಪ್ಪಲು ಅದೇನು ಕಾಡೇ? ಬೀರೂರಿನ ಸರ್ಕಲ್ಲಿನಲ್ಲಿ ನೇರ ಹೋದರೆ ತರೀಕೆರೆ, ಬಲಕ್ಕೆ ತಿರುಗಿದರೆ ಅಜ್ಜಂಪುರ. ಅಲ್ಲಿ ಮಲಗುವ ಎಮ್ಮೆಗಳಿಗೂ ಗೊತ್ತಿರುವ ವಿಷಯ.

ನಾನು ನಿಂಬೆ ಶರಬತ್ತಿನ ಬಾಟಲಿ ಹಿಡಿದು ಅದೇ ಸರ್ಕಲ್ಲಿನಲ್ಲಿ ನಿಂತಿದ್ದೆ. ಬಾವುಟ ಬೀಸಿ ದಾರಿ ತೋರಿಸಬೇಕಿದ್ದ ಪುಣ್ಯಾತ್ಮ, ಇಷ್ಟು ಬೇಗ ಯಾರು ಬರುತ್ತಾರೆ ಎಂದು ಕಾಫಿ ಕುಡಿಯಲು ಹೋಗಿದ್ದ. ರುದ್ರೇಶ ತಲೆ ತಗ್ಗಿಸಿಕೊಂಡು ಬಂದ. ಬಂದವನೇ ಬಲಕ್ಕೆ ತಿರುಗಿಬಿಟ್ಟ. ‘ಲೇ, ಆ ಕಡೆ ಅಲ್ಲ ಕಣೋ!’ ಎಂದು ಗಂಟಲು ಹರಿಯುವಂತೆ ಕೂಗಿದೆ. ಗುರುಗಳು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡನೋ ಏನೋ, ಕೈ ಬೀಸಿ ಹೊರಟೇಹೋದ.

ತಪ್ಪು ಯಾರದು? ಆಫ್-ಸೀಸನ್ ಟ್ರೈನಿಂಗಿನದು. ಅದನ್ನು ಪ್ಲಾನ್ ಮಾಡಿದ ಮಹಾನುಭಾವ ಯಾರು? ಈ ಅಂಕಣ ಬರೆಯುತ್ತಿರುವವನೇ.

ನಮ್ಮ ಕಡೆ ರೇಸ್ ನಡೆಯುವುದು ದೀಪಾವಳಿ ಕಳೆದ ಮೇಲೆ. ಅದು ಮುಗಿಯಿತೆಂದರೆ ಬಿಚ್ಚಿಟ್ಟ ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಎಲ್ಲ ವಾಪಸ್ ಹತ್ತುತ್ತವೆ. ರೇಸ್ ಸೈಕಲ್ ಮತ್ತೆ ಹುಲ್ಲಿನ ಹೊರೆ ಹೊರುವ ಸೈಕಲ್ ಆಗುತ್ತದೆ. ಮುಂದಿನ ದಸರೆಗೆ ನಮ್ಮ ಹುಡುಗರಿಗೆ ಜ್ಞಾನೋದಯ. ಆಗ ಹುಚ್ಚರಂತೆ ತುಳಿಯುವುದು, ಚೊಂಬುಗಟ್ಟಲೆ ಹಾಲು ಕುಡಿಯುವುದು, ಸೋಲುವುದು. ಕಪ್ ಪ್ರತಿ ವರ್ಷ ತರೀಕೆರೆಯವರಿಗೆ.

ಈ ವರ್ಷ ಮಾತ್ರ ರುದ್ರೇಶನಿಗೆ ಸೋಲುವ ಹಾಗಿರಲಿಲ್ಲ. ಅವನ ಅಪ್ಪ ಚನ್ನಬಸಪ್ಪನವರದು ತೆಂಗಿನ ತೋಟ, ಜೊತೆಗೆ ಕೊಬ್ಬರಿ ವ್ಯಾಪಾರ. ಬೇಸಿಗೆಯಲ್ಲಿ ಮಗನ ಮದುವೆ ಮುಗಿಸಿದವರೇ ತೀರ್ಪು ಕೊಟ್ಟರು: ‘ಸಂಸಾರಸ್ಥ ಆದೆ. ಈ ಸಲ ಕಪ್ ತಂದ್ರೆ ಸರಿ. ಇಲ್ದಿದ್ರೆ ಸೈಕಲ್ ಅಟ್ಟಕ್ಕೆ, ನೀನು ಅಂಗಡಿಗೆ.’

ಹುಡುಗ ಮುಖ ಬಾಡಿಸಿಕೊಂಡು ನನ್ನ ಹತ್ತಿರ ಬಂದ. ‘ಮೇಷ್ಟ್ರೇ, ಏನಾದ್ರೂ ಮಾಡಿ. ಸೈಕಲ್ ಬಿಟ್ರೆ ನಂಗೆ ಬೇರೆ ಏನೂ ಬರಲ್ಲ.’ (ಹೈಸ್ಕೂಲಿನಲ್ಲಿ ಅವನ ಲೆಕ್ಕದ ಪೇಪರ್ ತಿದ್ದಿದವನು ನಾನು. ಅವನು ಹೇಳಿದ್ದು ಸತ್ಯ.)

ಎಲ್ಲಿಂದಲೋ ಒಂದು ಇಂಗ್ಲಿಷ್ ಮ್ಯಾಗಜೀನ್ ಸಂಪಾದಿಸಿ ಓದಿದೆ. ರೇಸ್ ಇಲ್ಲದ ಕಾಲದಲ್ಲೇ ರೇಸ್ ಗೆಲ್ಲಬೇಕು ಎಂದಿತ್ತು. ಸರಿ, ಮಳೆಗಾಲದಲ್ಲೇ ಶುರು ಮಾಡಿಸಿದೆ. ಸ್ಪೀಡ್ ಬೇಡ, ದೂರ ಬೇಕು. ಏರು ಹತ್ತಲು ಲಿಂಗದಹಳ್ಳಿ (ನನ್ನ ಅತ್ತೆ ಮನೆಯ ಊರು, ಆ ರಸ್ತೆ ನನಗೆ ಚೆನ್ನಾಗಿ ಗೊತ್ತು). ಸಮತಟ್ಟಿಗೆ ಚೌಳಹಿರಿಯೂರು. ನಡುನಡುವೆ ರೆಸ್ಟ್. ಕಾಲಿಗೆ ಶಕ್ತಿ ಬರಲು ಕ್ಯಾರಿಯರ್ ಮೇಲೆ ಒಂದು ಚೀಲ ತೆಂಗಿನಕಾಯಿ. ಈ ಚೀಲ ಮ್ಯಾಗಜೀನಿನಲ್ಲಿ ಇರಲಿಲ್ಲ, ನನ್ನ ಸ್ವಂತ ಸಂಶೋಧನೆ.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ತವರಿಗೆ ಹೋಗಬೇಕು, ಅಳಿಯ ಅತ್ತೆ ಮನೆಯ ಹೊಸಿಲು ತುಳಿಯಬಾರದು. ರುದ್ರೇಶನ ಹೆಂಡತಿ ಗಿರಿಜ ಅಜ್ಜಂಪುರದ ಕಡೆಯ ಬುಕ್ಕಾಂಬುಧಿಯವಳು. ಹೋದಳು. ಒಳ್ಳೆಯದೇ ಆಯಿತು, ಇನ್ನು ಹುಡುಗನ ಮನಸ್ಸೆಲ್ಲ ಟ್ರೈನಿಂಗಿನಲ್ಲೇ ಇರುತ್ತದೆ ಎಂದುಕೊಂಡೆ. (ನಗಬೇಡಿ.)

ಮರುದಿನವೇ ಬಂದ. ‘ಮೇಷ್ಟ್ರೇ, ಲಿಂಗದಹಳ್ಳಿ ಬ್ಯಾಡ. ಅಜ್ಜಂಪುರದ ರಸ್ತೆ ಹೊಡೀತೀನಿ. ಹೋಗೋವಾಗ ಗಾಳಿ ಬೆನ್ನಿಗೆ, ಬರೋವಾಗ ಎದೆಗೆ. ಒಳ್ಳೆ ಪ್ರಾಕ್ಟೀಸು.’

ನಮ್ಮ ಕಡೆಯ ಆಷಾಢದ ಗಾಳಿ ನಿಮಗೆ ಗೊತ್ತಲ್ಲ? ಹೆಂಚು ಹಾರಿಸುವ ಗಾಳಿ. ಹುಡುಗ ಸೈಂಟಿಫಿಕ್ ಆಗಿ ಯೋಚಿಸುತ್ತಿದ್ದಾನೆ ಎಂದು ಹೆಮ್ಮೆಪಟ್ಟು ಒಪ್ಪಿದೆ.

ಏನು ಶ್ರದ್ಧೆ ಅಂತೀರಿ! ಮಳೆ ಬರಲಿ, ಗಾಳಿ ಬರಲಿ, ಒಂದು ದಿನ ತಪ್ಪಿಸಲಿಲ್ಲ. ರೆಸ್ಟ್ ತಗೋ ಎಂದರೆ ನನ್ನ ಮೇಲೇ ಸಿಡುಕಿದ. ನನಗಿದ್ದದ್ದು ಒಂದೇ ಅನುಮಾನ. ಹೋಗುವಾಗ ತುಂಬಿದ ಚೀಲ, ಬರುವಾಗ ಖಾಲಿ.

‘ಕಾಯೆಲ್ಲ ಏನಾದ್ವೋ?’

‘ಗುಂಡೀಲಿ ಎತ್ತಾಕಿ ಬಿದ್ದೋದ್ವು ಮೇಷ್ಟ್ರೇ.’

ಆ ರಸ್ತೆಯನ್ನು ಕಂಡವರು ಯಾರು ತಾನೇ ಇದನ್ನು ನಂಬುವುದಿಲ್ಲ?

ಒಂದು ಮಧ್ಯಾಹ್ನ ಏನೋ ಕೆಲಸವಿತ್ತು ಎಂದು ಬುಕ್ಕಾಂಬುಧಿಯ ಬಸ್ ಹತ್ತಿದೆ. ಕಿಟಕಿಯಿಂದ ನೋಡುತ್ತೇನೆ, ಕೆರೆ ಏರಿಯ ಮೇಲೆ ಸೈಕಲ್ ಮಲಗಿದೆ. ಪಕ್ಕದಲ್ಲಿ ರುದ್ರೇಶ. ಅವನ ಪಕ್ಕದಲ್ಲಿ ಗಿರಿಜ. ಇಬ್ಬರ ನಡುವೆ ಟಿಫನ್ ಕ್ಯಾರಿಯರ್.

ಮರುದಿನ ಹಿಡಿದು ಕೇಳಿದೆ. ‘ಏನೋ ಇದು? ಆಷಾಢದಲ್ಲಿ ಅತ್ತೆ ಮನೆ!’

‘ಹೊಸಿಲು ದಾಟಿಲ್ಲ ಮೇಷ್ಟ್ರೇ. ಕೆರೆ ಏರಿಗೆ ಎಲ್ಲಿದೆ ಹೊಸಿಲು?’

‘ನಿಮ್ಮತ್ತೆಗೆ ಗೊತ್ತಾ?’

‘ರೊಟ್ಟಿ ಮಾಡಿ ಕಳ್ಸೋರೇ ಅವ್ರು. ನಮ್ಮನೇಲಿ ಮಾತ್ರ ಹೇಳ್ಬ್ಯಾಡಿ. ಅಮ್ಮ ಸುಮ್ನೆ ಬಿಡಲ್ಲ.’

ನಾನು ಹೇಳಲಿಲ್ಲ. ಏಕೆಂದರೆ ಆ ವೇಳೆಗೆ ಅವನ ಕಾಲು ನೋಡಿದ್ದೆ, ಒನಕೆ ಇದ್ದ ಹಾಗಿತ್ತು. ಯಾವ ಕೋಚ್ ತಾನೇ ಇದನ್ನು ಕೆಡಿಸುತ್ತಾನೆ? ಶ್ರಾವಣದಲ್ಲಿ ಗಿರಿಜ ಬಂದಳು, ಟ್ರೈನಿಂಗ್ ನಿಂತಿತು. ಗೌರಿ ಹಬ್ಬಕ್ಕೆ ಮತ್ತೆ ತವರಿಗೆ ಹೋದಳು, ಟ್ರೈನಿಂಗ್ ಮತ್ತೆ ಶುರುವಾಯಿತು. ನಾನು ಖುಷಿಯಾಗಿದ್ದೆ. ಒಂದೇ ಒಂದು ವಿಷಯ ಈ ಮೇಷ್ಟ್ರ ತಲೆಗೆ ಹೊಳೆಯಲಿಲ್ಲ. ಮಳೆಗಾಲವೆಲ್ಲ ಆ ಕಾಲುಗಳು ಬೀರೂರಿನಲ್ಲಿ ಒಮ್ಮೆಯೂ ನೇರ ಹೋಗಿರಲಿಲ್ಲ.

ಭಾನುವಾರ ಅವನನ್ನು ನಿಲ್ಲಿಸಿದ್ದು ಅಜ್ಜಂಪುರ ರಸ್ತೆಯ ರೈಲ್ವೆ ಗೇಟು. ಹಾಕಿತ್ತಂತೆ. ಗೇಟಿನವನು ನಗುತ್ತಾ ಬಂದು ಕೇಳಿದನಂತೆ: ‘ಏನಪ್ಪಾ, ಹೆಂಡ್ತೀನ ಕರ್ಕೊಂಡು ಹೋಗಿ ಆಯ್ತಲ್ಲ, ಇನ್ನೂ ಯಾಕ್ ಬತ್ತೀಯ?’

ಆಗ ಎಚ್ಚರವಾಯಿತು ನಮ್ಮ ಸಾಹೇಬರಿಗೆ. ವಾಪಸ್ ತಿರುಗಿಸಿ ಬಂದ ನೋಡಿ! ಸರ್ಕಲ್ಲಿನಲ್ಲಿ ನನ್ನ ಶರಬತ್ತನ್ನೂ ಮುಟ್ಟಲಿಲ್ಲ. ಮುಂದೆ ಹೋದವರನ್ನು ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿದ. ಒಬ್ಬ ಮಾತ್ರ ಉಳಿದ. ಅವನು ತರೀಕೆರೆಯವನು. ಫಿನಿಶಿಂಗ್ ಲೈನಿನಲ್ಲಿ ರುದ್ರೇಶ ಸೈಕಲ್ ಅಪ್ಪಿಕೊಂಡು ಕುಸಿದು ಕೂತ ಎಂದು ಕೇಳಿದಾಗ ನನಗೆ ನಿಜವಾಗಿಯೂ ಅಳು ಬಂತು.

ಸಂಜೆ ಅವರ ಮನೆಗೆ ಹೋದೆ. ಅಟ್ಟಕ್ಕೆ ಆಗಲೇ ಏಣಿ ಹಾಕಿತ್ತು.

‘ಅಜ್ಜಂಪುರದ ರಸ್ತೇಲಿ ನಿಂಗೇನೋ ಕೆಲ್ಸ?’ ಎಂದರು ಚನ್ನಬಸಪ್ಪ. ಮಗ ನೆಲ ನೋಡಿದ. ಅಡುಗೆ ಮನೆಯಲ್ಲಿ ಗಿರಿಜಳ ಕೈಯಿಂದ ಲೋಟ ಬಿತ್ತು. ತಾಯಿಗೆ ತಕ್ಷಣ ಅರ್ಥವಾಯಿತು. ‘ಅಯ್ಯೋ ಶಿವನೇ! ಆಷಾಢದಲ್ಲಿ ದಿನಾ ಹೋಗ್ತಿದ್ಯಾ?’

ಚನ್ನಬಸಪ್ಪನವರ ಚಿಂತೆಯೇ ಬೇರೆ. ‘ಅಂದ್ರೆ ನಮ್ ತೋಟದ್ ಕಾಯೆಲ್ಲ ಬೀಗರ ಮನೆಗೆ ಹೋಯ್ತಾ?’

ಮಗ ತಲೆ ಕೆರೆದುಕೊಂಡ. ಯಜಮಾನರು ಏಣಿಯ ಮೇಲೆ ಕೈಯಿಟ್ಟು ಮತ್ತೆ ಕೇಳಿದರು: ‘ಬೀರೂರಿಗೆ ಮೊದ್ಲು ಬಂದೋನು ಯಾರು?’

‘ನಾನೇ ಅಪ್ಪಾ.’

‘ಅಷ್ಟು ದೂರ ಸುಮ್ನೆ ಹೋಗಿ ಬಂದೂ ಎರಡನೆಯವ್ನಾದ್ಯಾ?’

‘ಹೂಂ.’

‘ಏಣಿ ತೆಗೀರಿ. ಮುಂದಿನ್ ವರ್ಷಾನೂ ಹೊಡೀಲಿ. ಆದ್ರೆ ನನ್ ಕಾಯಿ ಚೀಲ ಮುಟ್ಟಂಗಿಲ್ಲ.’

ರುದ್ರೇಶ ಅಪ್ಪನ ಕಾಲಿಗೆ ಬಿದ್ದ. ನಾನು ಖುಷಿಯಿಂದ ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿಗೆ ಕೆರೆ ಏರಿಯಿಂದ ಏಣಿಯವರೆಗೆ ಇಡೀ ಕತೆಯನ್ನು ನಕ್ಕೂ ನಕ್ಕೂ ಹೇಳಿದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು.

‘ಅಲ್ಲಾ ರೀ, ನಮ್ಮ ಮೊದಲನೇ ಆಷಾಢದಲ್ಲಿ ನಿಮ್ಮ ಹತ್ರಾನೂ ಸೈಕಲ್ ಇತ್ತಲ್ವಾ?’